ಪದಚರ್ಚೆ: ಈಜಿಪ್ಟಿನ ಮಮ್ಮಿಗಳನ್ನು ಸಿದ್ಧಪಡಿಸುವ ಕೆಲಸಕ್ಕೆ ‘ಶವಲೇಪನ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಈಜಿಪ್ಟಿನ ಪುರಾತನ ಸಮಾಧಿಭೂಮಿ ಸಕ್ಕಾರಾದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಒಂದೇ ಪದಕ್ಕಾಗಿ ಎರಡು ವಾರದಿಂದ ಕೆಲಸ ನಿಂತಿದೆ. ಹೆಣ ಕೆಡದಂತೆ ಸಿದ್ಧಪಡಿಸುವ ಆ ಕೆಲಸಕ್ಕೆ ಕನ್ನಡದಲ್ಲಿ ಏನೆನ್ನೋಣ? ನಾನು ಓದಿದ ಕಡೆಯೆಲ್ಲ ‘ಶವಸಂರಕ್ಷಣೆ’ ಇಲ್ಲವೇ ‘ಶವಲೇಪನ’ ಎಂದಿದೆ. ಮೊದಲನೆಯದು ತಪ್ಪಲ್ಲ, ಆದರೆ ಆಸ್ಪತ್ರೆಯ ಶೈತ್ಯಾಗಾರಕ್ಕೂ ಅದೇ ಮಾತು ಸಲ್ಲುತ್ತದೆ. ನನ್ನ ತಕರಾರು ಎರಡನೆಯದರ ಮೇಲೆ.

ಲೇಪನ ಎಂದರೆ ಬಳಿಯುವುದು, ಸವರುವುದು. ಈಜಿಪ್ಟಿನವರು ಎಣ್ಣೆ, ರಾಳ ಸವರುತ್ತಿದ್ದದ್ದು ನಿಜ. ಅದು ಕೊಳೆಯುವುದನ್ನು ತಡೆಯಲು ನೆರವಾಗುತ್ತಿತ್ತು ಎಂಬುದೂ ನಿಜ. ಆದರೆ ಮುಖ್ಯ ಕೆಲಸ ಮೈಯಲ್ಲಿನ ನೀರು ತೆಗೆಯುವುದು. ಹೊಟ್ಟೆಯ ಎಡಭಾಗ ಸೀಳಿ ಕರುಳು, ಜಠರ, ಯಕೃತ್ತು, ಶ್ವಾಸಕೋಶ ಹೊರತೆಗೆದು, ದೇಹವನ್ನು ಸುಮಾರು 40 ದಿನ ನೇಟ್ರಾನಿನಲ್ಲಿ ಹೂತಿಡುತ್ತಿದ್ದರು. ನೇಟ್ರಾನ್ ಎಂದರೆ ತೊಳೆಯುವ ಸೋಡಾ, ಅಡುಗೆ ಸೋಡಾ, ಜೊತೆಗೆ ಒಂದಿಷ್ಟು ಉಪ್ಪು. ಈಜಿಪ್ಟಿನ ವಾದಿ ನತ್ರೂನ್ ಕಣಿವೆಯ ಕೆರೆಗಳು ಒಣಗಿದಾಗ ದಡದಲ್ಲಿ ತಾನಾಗಿ ಹೆಪ್ಪುಗಟ್ಟುತ್ತದೆ. ನಮ್ಮಲ್ಲಿ ಅಗಸರು ಬಟ್ಟೆ ಒಗೆಯಲು ತರುತ್ತಿದ್ದ ಸವಳು ಮಣ್ಣಿನ ಹತ್ತಿರದ ನೆಂಟ. ಲೇಖನದಲ್ಲಿ ‘ಸವಳುಪ್ಪು’ ಎಂದು ಬರೆದುಕೊಂಡಿದ್ದೇನೆ. ಬೇರೆ ಅರ್ಥ ಬರುತ್ತದೆ ಎನಿಸಿದರೆ ಹೇಳಿ.

ಕ್ರಿ.ಪೂ. 5ನೇ ಶತಮಾನದ ಗ್ರೀಕ ಹೆರೊಡೋಟಸ್ ಈ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಅವನು ಬಳಸಿದ ಕ್ರಿಯಾಪದ ಗ್ರೀಕರು ಮೀನಿಗೆ ಉಪ್ಪು ಹಾಕಿ ಕೆಡದಂತೆ ಇಡುವುದಕ್ಕೆ ಹೇಳುತ್ತಿದ್ದ ಮಾತೇ. ‘ತಾರಿಖೋಸ್’ ಎಂದರೆ ಅವರಿಗೆ ಉಪ್ಪುಮೀನೂ ಹೌದು, ಹೀಗೆ ಉಳಿಸಿದ ಹೆಣವೂ ಹೌದು. ಕೆಲಸದ ತಿರುಳು ಅವನ ಪದದಲ್ಲೇ ಇದೆ.

‘ಮಮ್ಮಿ’ ಎಂಬ ಹೆಸರಾದರೋ ಲೇಪವನ್ನು ನೋಡಿ ಹುಟ್ಟಿದ್ದು. ಪಾರಸಿಯಲ್ಲಿ ‘ಮೂಮ್’ ಎಂದರೆ ಮೇಣ. ಹಿಂದಿಯ ಮೋಮ್‌ಬತ್ತಿಯಲ್ಲಿರುವುದೂ ಅದೇ. ಅದರಿಂದ ಬಂದ ‘ಮೂಮಿಯಾ’ ಬೆಟ್ಟದ ಬಂಡೆಯಿಂದ ಒಸರುವ ಕಪ್ಪು ಡಾಂಬರಿನಂಥ ಮದ್ದಿನ ಹೆಸರಾಯಿತು. ಈಜಿಪ್ಟಿನ ಹೆಣಗಳ ಮೇಲಿದ್ದ ಕಪ್ಪು ಅಂಟೂ ಅದೇ ಎಂದು ಜನ ತಿಳಿದರು, ಹೆಣಕ್ಕೇ ಆ ಹೆಸರು ಅಂಟಿತು. ಯುರೋಪಿನಲ್ಲಿ ಹೆಣವನ್ನೇ ಪುಡಿ ಮಾಡಿ ಔಷಧಿಯೆಂದು ಮಾರಿದರು. ಒಂದು ತಪ್ಪು ಗುರುತಿನಿಂದ ಎಷ್ಟು ಒಡಲುಗಳು ಹಾಳಾದವೋ! ಕಪ್ಪಗಿರುವುದೆಲ್ಲ ಡಾಂಬರಲ್ಲ, ಬಹುಪಾಲು ಗಿಡಮರಗಳ ರಾಳ ಮತ್ತು ಎಣ್ಣೆ ಎಂಬುದು ರಾಸಾಯನಿಕ ಪರೀಕ್ಷೆಗಳು ಬಂದ ಮೇಲೆ ತಿಳಿಯಿತು.

ಸಕ್ಕಾರಾಕ್ಕೆ ಬರುತ್ತೇನೆ. 2016ರಲ್ಲಿ ಪುರಾತತ್ವಜ್ಞ ರಮದಾನ್ ಹುಸೇನ್ ಅವರ ತಂಡಕ್ಕೆ ಅಲ್ಲಿನ ಉನಾಸ್ ಪಿರಮಿಡ್ಡಿನ ಹತ್ತಿರ ಹೆಣ ಸಿದ್ಧಪಡಿಸುವ ಕಾರ್ಯಾಗಾರವೇ ಸಿಕ್ಕಿತು. ಕಾಲ 26ನೇ ರಾಜವಂಶ, ಕ್ರಿ.ಪೂ. 664–525. ಮಡಕೆಗಳ ಮೇಲೆ ಒಳಗೇನಿದೆ, ಯಾವ ಅಂಗಕ್ಕೆ ಎಂದು ಬರೆದಿತ್ತು! ಅವುಗಳಲ್ಲಿ 31 ಪಾತ್ರೆಗಳಿಗೆ ಅಂಟಿದ್ದ ಶೇಷವನ್ನು ಪರೀಕ್ಷಿಸಿದ ವರದಿ 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಪದಗಳ ಮೇಲೆ ಪ್ರೀತಿಯಿರುವ ನಮ್ಮಂಥವರು ಓದಲೇಬೇಕಾದದ್ದು. ‘ಆಂತಿಯು’ ಎಂಬ ಈಜಿಪ್ಟಿನ ಪದವನ್ನು ವಿದ್ವಾಂಸರು ಬಹುಕಾಲ ರಕ್ತಬೋಳ (ಒಂದು ಸುಗಂಧದ ರಾಳ) ಎಂದೇ ಅನುವಾದಿಸುತ್ತಿದ್ದರು. ಯೇಸು ಹುಟ್ಟಿದಾಗ ಮೂಡಣದ ಜೋಯಿಸರು ತಂದರಲ್ಲ, ಅದು. ಇಲ್ಲಿ ‘ಆಂತಿಯು’ ಎಂದು ಬರೆದ ಮಡಕೆಗಳಲ್ಲಿ ಇದ್ದದ್ದು ದೇವದಾರು ಎಣ್ಣೆ, ಜುನಿಪರ್ ಅಥವಾ ಸೈಪ್ರೆಸ್ ಎಣ್ಣೆ ಮತ್ತು ಪ್ರಾಣಿಯ ಕೊಬ್ಬಿನ ಮಿಶ್ರಣ. ನಿಘಂಟಿನ ಅರ್ಥವನ್ನು ಮಡಕೆಯ ತಳ ತಿದ್ದಿತು. ಈ ಸಾಲು ಮೊದಲು ಓದಿದ ದಿನ ನನಗೆ ನಿದ್ದೆ ಹತ್ತಲಿಲ್ಲ.

ಪರೀಕ್ಷಿಸಿದ ಆ ಪಾತ್ರೆಗಳಲ್ಲಿ ಏಷ್ಯಾದ ಉಷ್ಣವಲಯದ ಕಾಡಿನಿಂದ ಹೋದ ‘ದಮ್ಮರ್’ ಎಂಬ ರಾಳವೂ ಸಿಕ್ಕಿದೆ. ನಮ್ಮ ಪಶ್ಚಿಮ ಘಟ್ಟದ ಧೂಪದ ಮರ ಅಂಥ ರಾಳ ಕೊಡುವ ಮರಗಳ ಕುಟುಂಬದ್ದೇ. ಆದರೆ ‘ಧೂಪ’ ಎಂದು ಬರೆದರೆ ಮಕ್ಕಳು ಕೆಂಡಕ್ಕೆ ಹಾಕುವುದನ್ನು ನೆನೆಯುತ್ತಾರೆ. ‘ರಾಳ’ ಎಂದಷ್ಟೇ ಬಿಡಲೇ?

ಈಗ ನನ್ನ ಇಕ್ಕಟ್ಟು. ಹೆರೊಡೋಟಸನ ದಾರಿ ಹಿಡಿದು ‘ಉಪ್ಪಿನಲ್ಲಿ ಒಣಗಿಸುವುದು’ ಎಂದರೆ ಕೆಲಸ ಸ್ಪಷ್ಟವಾಗುತ್ತದೆ. ಆದರೆ ಮಾಡಿದವರ ಭಾವ ಬೇರೆ. ಆ ಕಾರ್ಯಾಗಾರಕ್ಕೆ ಅವರು ‘ವಾಬೆತ್’ ಎನ್ನುತ್ತಿದ್ದರು, ಶುದ್ಧವಾದ ಜಾಗ. ‘ಮಡಿಮನೆ’ ಎಂದರೆ ನಮಗೆ ಥಟ್ಟನೆ ತಿಳಿದೀತು. ಸಿದ್ಧವಾದ ದೇಹ ಅವರಿಗೆ ‘ಸಾಹ್’. ಹಿರಿಮೆ, ಘನತೆ ಎಂಬ ಅರ್ಥವೂ ಆ ಪದಕ್ಕಿದೆ. ಬ್ರಿಟನ್ನಿನ ಕೆಲವು ಮ್ಯೂಸಿಯಮ್ಮುಗಳು ಕೂಡ ಈಚೆಗೆ ಬರೀ ಮಮ್ಮಿ ಎನ್ನದೆ, ಅದು ಬದುಕಿ ಬಾಳಿದ ಒಬ್ಬ ವ್ಯಕ್ತಿ ಎಂದು ತೋರುವ ಹಾಗೆ ಫಲಕ ಬರೆಯುತ್ತಿವೆ. ಹಾಗಾಗಿ ‘ಹೆಣ’ ಬಿಟ್ಟು ‘ಒಡಲು’ ಹಿಡಿದಿದ್ದೇನೆ: ‘ಒಡಲನ್ನು ಒಣಗಿಸಿ ಉಳಿಸುವುದು’. ವಾಕ್ಯದಲ್ಲಿ ಚೆನ್ನಾಗಿ ಕೂರುತ್ತದೆ, ಶೀರ್ಷಿಕೆಗೆ ಉದ್ದ. ‘ಒಡಲುಳಿಕೆ’ ಎಂದು ಕಟ್ಟಿ ನೋಡಿದೆ. ಉಳಿದುಹೋದ ಚೂರು ಎಂಬ ಅರ್ಥ ಬರುತ್ತದೇನೋ ಎಂಬ ಅಳುಕಿದೆ. ನಾಮಪದವಾಗಿ ‘ಮಮ್ಮಿ’ ಇರಲಿ. ಅಮ್ಮನನ್ನು ಮಮ್ಮಿ ಎನ್ನುವ ಮಕ್ಕಳೂ ಸಂದರ್ಭ ನೋಡಿ ತಿಳಿಯುತ್ತಾರೆ.

ಕರಾವಳಿಯವರಲ್ಲಿ ವಿಶೇಷವಾಗಿ ಕೇಳುತ್ತೇನೆ: ಮೀನಿಗೆ ಉಪ್ಪು ತುಂಬಿ ಬಿಸಿಲಿಗೆ ಹಾಕುವ ಇಡೀ ಕೆಲಸಕ್ಕೆ ನಿಮ್ಮ ಮನೆಗಳಲ್ಲಿ ಒಂದೇ ಕ್ರಿಯಾಪದ ಇದೆಯೇ? ಇದ್ದರೆ ಯಾವ ಊರಿನದು, ಯಾರ ಬಾಯಲ್ಲಿ ಕೇಳಿದ್ದು ಎಂಬುದನ್ನೂ ಸೇರಿಸಿ ಬರೆಯಿರಿ.