ಗೇಜ್ ಕ್ಯಾಲಿಬ್ರೇಷನ್‌ಗೆ ಸಾಫ್ಟ್‌ವೇರ್ ತಗೋಬೇಕಂತೆ, ಏನು ನೋಡಿ ಆರಿಸೋದು?

ತೀರ್ಥಹಳ್ಳಿ ಹುಡುಗಿ:

ಎಲ್ಲರಿಗೂ ನಮಸ್ಕಾರ. ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಂದು ಮಷಿನ್ ಶಾಪ್‌ನಲ್ಲಿ ಕ್ವಾಲಿಟಿ ನೋಡ್ಕೊಳ್ತೀನಿ. ಫೌಂಡ್ರಿಯಿಂದ ಬರೋ ಎರಕ ಮಷಿನಿಂಗ್ ಮಾಡಿ ಗಾಡಿ ಕಂಪನಿಗಳಿಗೆ ಬಿಡಿಭಾಗ ಕೊಡೋ ಜಾಗ. ವರ್ನಿಯರ್, ಮೈಕ್ರೋಮೀಟರ್, ಬೋರ್ ಗೇಜ್, ಹೈಟ್ ಗೇಜ್, ಪ್ಲಗ್ ಗೇಜ್, ಥ್ರೆಡ್ ರಿಂಗ್, ಪ್ರೆಷರ್ ಗೇಜ್ ಎಲ್ಲ ಸೇರಿ ಮುನ್ನೂರು ಚಿಲ್ಲರೆ ಇದಾವೆ.

ಇವು ಸರಿಯಾಗಿ ಅಳೀತಿವೆಯಾ ಅಂತ ಆಗಾಗ ಲ್ಯಾಬಲ್ಲಿ ನೋಡಿಸ್ಬೇಕು, ಅದೇ ಕ್ಯಾಲಿಬ್ರೇಷನ್. ಅದರ ಲೆಕ್ಕ ಇಷ್ಟು ದಿನ ಎಲ್ಲ ಒಂದು ಎಕ್ಸೆಲ್ ಶೀಟ್‌ನಲ್ಲಿ ನಡೀತಿತ್ತು. ಅದನ್ನ ಮಾಡಿದ ಹಿರಿಯರು ರಿಟೈರ್ ಆದ್ರು. ಯಾವ ಬಣ್ಣಕ್ಕೆ ಏನರ್ಥ ಅಂತ ಅವರಿಗೊಬ್ಬರಿಗೇ ಗೊತ್ತಿತ್ತು. 05/08 ಅಂತ ಇದ್ದದ್ದು ಮೇ ತಿಂಗಳೋ ಆಗಸ್ಟೋ ಹೇಳೋಕಾಗಲ್ಲ. ಒಂದು ಕಾಪಿ ನನ್ನ ಕಂಪ್ಯೂಟರ್‌ನಲ್ಲಿ, ಇನ್ನೊಂದು ಸ್ಟೋರ್ಸ್‌ನವರ ಪೆನ್‌ಡ್ರೈವ್‌ನಲ್ಲಿ, ಎರಡೂ ಬೇರೆ ಬೇರೆ. ದಸರಾ ಮುಗಿದ ಮೇಲೆ ಗ್ರಾಹಕರ ಆಡಿಟ್ ಇದೆ. ನಮ್ಮ ಎಂಡಿ ಎಲ್ಲೋ ಒಂದು ಡೆಮೋ ನೋಡಿ ಬಂದು "ಒಂದು ಸಾಫ್ಟ್‌ವೇರ್ ತಗೊಂಡ್ಬಿಡಿ, ತಲೆನೋವೇ ಇರಲ್ಲ" ಅಂದ್ರು.

ಮೂರು ಕಂಪನಿಯವರನ್ನ ಕರೆಸಿದ್ದಾಯ್ತು. ಮೂವರೂ ಕೆಂಪು, ಹಳದಿ, ಹಸಿರು ಬಣ್ಣದ ಒಂದೇ ಥರದ ಡ್ಯಾಶ್‌ಬೋರ್ಡ್ ತೋರಿಸಿದ್ರು. ಡ್ಯೂ, ಅಂದ್ರೆ ಮುಂದಿನ ಕ್ಯಾಲಿಬ್ರೇಷನ್ ತಾರೀಖು, ಬಂದ್ರೆ ಮೇಲ್ ಬರುತ್ತೆ, ವಾಟ್ಸ್ಯಾಪ್ ಬರುತ್ತೆ ಅಂತ ಮೂವರೂ ಹೇಳಿದ್ರು. ಒಂದು ಕ್ಲೌಡ್, ವರ್ಷದ ಬಾಡಿಗೆ. ಇನ್ನೊಂದು ನಮ್ಮ ಕಂಪ್ಯೂಟರ್‌ಗೇ ಹಾಕ್ಕೊಡ್ತಾರಂತೆ. ಮೂರನೆಯವರು ಇಆರ್‌ಪಿ (ಇಡೀ ಕಂಪನಿಯ ಲೆಕ್ಕ, ಸ್ಟಾಕ್ ನೋಡೋ ಸಾಫ್ಟ್‌ವೇರ್) ಜೊತೆ ಸೇರಿಸ್ತೀವಿ ಅಂತಾರೆ. ಮಳೆಗಾಲದಲ್ಲಿ ನಮ್ಮಲ್ಲಿ ನೆಟ್ ಯಾವಾಗ ಹೋಗುತ್ತೆ ಹೇಳೋಕಾಗಲ್ಲ, ಅದೂ ಒಂದು ಯೋಚನೆ. ಬಳಸಿ ಗೊತ್ತಿರೋರು ಯಾರಾದ್ರೂ ಇದ್ರೆ, ಏನು ನೋಡಿ ಆರಿಸ್ಬೇಕು ಸ್ವಲ್ಪ ಹೇಳ್ತೀರಾ?

ಸಾಗರದ ಕೋಡು:

ದುಡ್ಡು ಕೊಡೋ ಮುಂಚೆ ಇಆರ್‌ಪಿನೆಕ್ಸ್ಟ್ ಒಂದ್ಸಲ ನೋಡಿ ಮೇಡಂ. ಮುಂಬೈನ ಫ್ರಾಪೆ ಕಂಪನಿಯ ಇಆರ್‌ಪಿ, ಓಪನ್ ಸೋರ್ಸ್, ನಿಮ್ಮದೇ ಸರ್ವರ್‌ಗೆ ಹಾಕ್ಕೋಬಹುದು. ಹಾಗಾಗಿ ನೆಟ್ ಹೋದ್ರೂ ಕಾರ್ಖಾನೆ ಒಳಗಡೆ ಕೆಲಸ ನಡೀತದೆ. ಅದರ ಅಸೆಟ್ ಮೇಂಟೆನೆನ್ಸ್‌ನಲ್ಲಿ ಕೆಲಸದ ಬಗೆ ಅಂತ ಕೇಳೋ ಕಡೆ ಕ್ಯಾಲಿಬ್ರೇಷನ್ ಅನ್ನೋದು ಮೊದಲೇ ಇದೆ. ಎಷ್ಟು ದಿನಕ್ಕೊಮ್ಮೆ ಅಂತ ಹಾಕಬಹುದು, ಸರ್ಟಿಫಿಕೇಟ್ ಲಗತ್ತಿಸಬಹುದು.

ಒಂದೇ ಕಿರಿಕಿರಿ. ಪ್ರತಿ ಗೇಜನ್ನೂ ಸ್ಥಿರಾಸ್ತಿ ಅಂತ ಎಂಟ್ರಿ ಮಾಡ್ಬೇಕು, ಸಣ್ಣ ಪ್ಲಗ್ ಗೇಜಿಗೂ ಖರೀದಿ ಬೆಲೆ ಕೇಳ್ತದೆ. ನಿಮ್ಮ ಅಕೌಂಟ್ಸ್‌ನವರು ಗೊಣಗದೆ ಇರಲ್ಲ.

ಏನೇ ತಗೊಂಡ್ರೂ ಮೊದ್ಲು ಆ ತಾರೀಖು ಸರಿ ಮಾಡಿ. ಎಕ್ಸೆಲ್‌ನಲ್ಲಿ ಚುಕ್ಕಿ ಹಾಕಿ 12.03.24 ಅಂತ ಟೈಪ್ ಮಾಡಿದ್ದನ್ನ ಅದು ಎಷ್ಟೋ ಸಲ ಬರೀ ಅಕ್ಷರ ಅಂತ ಇಟ್ಕೊಂಡಿರ್ತದೆ, ಸಾರ್ಟ್ ಮಾಡಿದ್ರೆ ಎಲ್ಲೆಲ್ಲೋ ಹೋಗಿ ಕೂರ್ತದೆ. 05/08ಕ್ಕೆ ಫಾರ್ಮುಲಾ ಇಲ್ಲ. ಸರ್ಟಿಫಿಕೇಟ್ ತೆಗೆದು ನೋಡಿಯೇ ಹಾಕ್ಬೇಕು.

ಗೇಜ್ ರೂಮ್ ಹಳಬ:

ಮೂವರೂ ಒಂದೇ ಚಿತ್ರ ತೋರ್ಸಿದ್ರು ಅಂತ ಬರ್ದಿದ್ದೀಯಲ್ಲಮ್ಮ, ಅವರು ತೋರ್ಸೋದೇ ಅಷ್ಟು. ಡ್ಯೂ ಡೇಟ್ ನೆನಪು ಮಾಡೋಕೆ ಗೋಡೆ ಮೇಲಿನ ಕ್ಯಾಲೆಂಡರ್ ಸಾಕು. ಸಾಫ್ಟ್‌ವೇರ್‌ನ ಯೋಗ್ಯತೆ ಗೊತ್ತಾಗೋದು ಗೇಜ್ ಫೇಲ್ ಆಗಿ ವಾಪಸ್ ಬಂದ ದಿನ. ಆ ದಿನ ಏನು ಮಾಡ್ತದೆ ಅಂತ ಯಾವ ಸೇಲ್ಸ್‌ನವನೂ ತಾನಾಗಿ ತೋರ್ಸಲ್ಲ, ನೀನೇ ಕೇಳ್ಬೇಕು.

ಒಂದು 20 ಎಚ್7 ಪ್ಲಗ್ ಗೇಜ್ ತಗೋ, ಅಂದ್ರೆ 20 ಮಿ.ಮೀ. ತೂತು ನೋಡೋ ಕಡ್ಡಿ, ಎಚ್7 ಅನ್ನೋದು ಮಿತಿಯ ಗುರುತು. ತೂತು 20.000ದಿಂದ 20.021 ಮಿ.ಮೀ. ಒಳಗೆ ಇರ್ಬೇಕು. ಗೋ ಕಡೆ, ಅಂದ್ರೆ ಸರಿಯಾದ ತೂತಿಗೆ ಇಳೀಬೇಕಾದ ತುದಿ, ದಿನವಿಡೀ ತೂತಿಗೆ ಹೋಗಿ ಬಂದು ಸವೀತದೆ. ನೋ-ಗೋ ಕಡೆ ಅಷ್ಟು ಸವೆಯಲ್ಲ, ಅದು ಒಳಗೇ ಇಳಿಯಲ್ವಲ್ಲ. ಈಗ ಪೀಣ್ಯದ ಲ್ಯಾಬಿಂದ ಸರ್ಟಿಫಿಕೇಟ್ ಬಂತು, ಗೋ ಕಡೆ 19.994 ಅಂತ ಇದೆ ಅನ್ಕೋ. ಹಂಗಾದ್ರೆ 19.996 ಇರೋ ತೂತಿಗೂ ಅದು ಸಲೀಸಾಗಿ ಇಳಿದಿದೆ, ನಿಮ್ಮ ಹುಡುಗ ಓಕೆ ಅಂತ ಟ್ರೇಗೆ ಹಾಕಿದ್ದಾನೆ. ಹೋದ ಸಲ ಪಾಸಾದ ದಿನದಿಂದ ಇವತ್ತಿನ ತನಕ ಆ ಗೇಜ್ ಯಾವ ಮಷಿನ್ ಹತ್ರ ಇತ್ತು, ಯಾವ ಬಿಡಿಭಾಗಕ್ಕೆ ಬಳಸಿದ್ರು, ಯಾವ ಲಾಟು, ಯಾವ ಇನ್‌ವಾಯ್ಸ್‌ನಲ್ಲಿ ಹೊರಗೆ ಹೋಯ್ತು?

ಗುಣಮಟ್ಟದ ಮಾನದಂಡ ಐಎಸ್‌ಒ 9001:2015ರ 7.1.5.2ನೇ ಕಲಂ ಕೇಳೋದು ಇದನ್ನೇ. ಉಪಕರಣ ಕೆಟ್ಟಿದೆ ಅಂತ ಗೊತ್ತಾದ್ರೆ, ಹಿಂದೆ ಅದರಲ್ಲಿ ತೆಗೆದ ಅಳತೆಗಳು ನಂಬೋ ಹಾಗಿದ್ವಾ ಅಂತ ನೋಡ್ಬೇಕು. ಗಾಡಿ ಕಂಪನಿಗಳ ಐಎಟಿಎಫ್ 16949 ಇನ್ನೂ ಬಿಗಿ. ಅನುಮಾನದ ಮಾಲು ಹೊರಗೆ ಹೋಗಿದ್ರೆ ಗ್ರಾಹಕನಿಗೆ ತಿಳಿಸ್ಬೇಕು ಅಂತದೆ. ಆಡಿಟರ್ ಸ್ಟಿಕರ್ ನೋಡಿ ಮುಂದೆ ಹೋಗ್ತಾನೆ ಅಂತ ಜನ ಅನ್ಕೊಂಡಿರ್ತಾರೆ. ಕೆಲಸ ಗೊತ್ತಿರೋ ಆಡಿಟರ್ ನೇರ ರಿಜೆಕ್ಟ್ ಆದ ಗೇಜುಗಳ ಫೈಲ್ ಕೇಳ್ತಾನೆ.

ಅದಕ್ಕೆ ಮುಂದಿನ ಡೆಮೋಕ್ಕೆ ಅವರ ಸ್ಯಾಂಪಲ್ ಡೇಟಾ ಬೇಡ ಅನ್ನು. ನಿಮ್ಮದೇ ಒಂದು ಫೇಲಾದ ಸರ್ಟಿಫಿಕೇಟ್ ಕೊಟ್ಟು ನಿನ್ನೆದುರೇ ಎಂಟ್ರಿ ಮಾಡಿಸು. ಬರೀ ಪಾಸು ಫೇಲು ಅಂತ ಎರಡು ಬಟನ್ ಇದ್ರೆ ಅಲ್ಲೇ ಚಹಾ ಕೊಟ್ಟು ಕಳ್ಸು. ಪ್ರತಿ ಪಾಯಿಂಟಿನ ರೀಡಿಂಗ್ ಹಾಕೋಕೆ ಜಾಗ ಇರ್ಬೇಕು. ಸರಿ ಮಾಡೋ ಮುಂಚೆ ಎಷ್ಟಿತ್ತು, ಸರಿ ಮಾಡಿದ ಮೇಲೆ ಎಷ್ಟಾಯ್ತು, ಎರಡೂ ಬೇರೆ ಬೇರೆ ಉಳೀಬೇಕು. ಲ್ಯಾಬ್ ಕೊಟ್ಟ ಅನ್‌ಸರ್ಟನ್ಟಿಗೂ (ಅವರ ಅಳತೆಯೇ ಎಷ್ಟು ಹೆಚ್ಚುಕಮ್ಮಿ ಇರಬಹುದು ಅನ್ನೋ ಅಂಕಿ) ಒಂದು ಕಾಲಂ ಬೇಕು, ಯಾಕಂದ್ರೆ ಗೇಜಿನ ತಪ್ಪು, ಮಿತಿಯ ಅಂಚಿಗೆ ಬಂದಾಗ ಪಾಸು ಅನ್ನೋದಾ ಬೇಡ್ವಾ ಅಂತ ತೀರ್ಮಾನ ಮಾಡೋಕೆ ಅದು ಬೇಕೇ ಬೇಕು. ಆಮೇಲೆ ಕೇಳು: ಈ ಗೇಜ್ ಯಾರ್ಯಾರಿಗೆ ಇಶ್ಯೂ ಆಗಿತ್ತು, ಯಾವಾಗ ವಾಪಸ್ ಬಂತು, ತೋರ್ಸಿ ಅಂತ. ಆ ಪ್ರಶ್ನೆಗೆ ಮುಖ ಮುಖ ನೋಡ್ಕೊಂಡ್ರೆ ಗೊತ್ತಾಯ್ತಲ್ಲ.

ಲಾಟ್ ನಂಬರ್ ಮಾತ್ರ ಸಾಮಾನ್ಯವಾಗಿ ಕ್ಯಾಲಿಬ್ರೇಷನ್ ಸಾಫ್ಟ್‌ವೇರ್‌ಗೆ ಗೊತ್ತಿರಲ್ಲ. ಅದು ಇರೋದು ನಿಮ್ಮ ಇನ್‌ಸ್ಪೆಕ್ಷನ್ ರಿಪೋರ್ಟಲ್ಲಿ. ಆ ರಿಪೋರ್ಟಲ್ಲಿ ಗೇಜ್ ನಂಬರಿಗೆ ಒಂದು ಕಾಲಂ ಇದ್ಯಾ? ಇಲ್ದಿದ್ರೆ ನಾಳೆಯೇ ಸೇರಿಸು. ಆ ಕಾಲಂ ಇಲ್ಲದೆ ಯಾವ ಲಕ್ಷ ರೂಪಾಯಿ ಸಾಫ್ಟ್‌ವೇರೂ ನಿನ್ನ ಪ್ರಶ್ನೆಗೆ ಉತ್ತರ ಕೊಡಲ್ಲ.

ನಂಬರ್ ಅಂದ ಕೂಡ್ಲೆ ನೆನಪಾಯ್ತು. ಕ್ಯೂಆರ್ ಸ್ಟಿಕರ್ ಅಂಟಿಸ್ತೀವಿ ಅಂತಾರೆ. ಮಷಿನ್ ಮೇಲೆ ಸುರಿಯೋ ಕೂಲಂಟ್ ದ್ರವದಲ್ಲಿ ಅದು ಹೆಚ್ಚು ದಿನ ನಿಲ್ಲಲ್ಲ ಮಾರಾಯ್ತಿ. ಡಬ್ಬಿಗೆ ಅಂಟಿಸಿದ್ರೆ ಇನ್ನೂ ಚಂದ, ಹುಡುಗ್ರು ಒಂದರ ಗೇಜ್ ಇನ್ನೊಂದರ ಡಬ್ಬಿಗೆ ಹಾಕಿ ಕೊಡ್ತಾರೆ. ನಂಬರ್ ಗೇಜಿನ ಮೈಮೇಲೇ ಇರ್ಬೇಕು. ಎಚ್ಚಿಂಗ್ ಪೆನ್ನಾಗ್ಲಿ ಲೇಸರಾಗ್ಲಿ, ಹಿಡಿ ಮೇಲೆ ಬರೆಸು, ಅಳತೆಯ ಮುಖ ಮುಟ್ಟೋದು ಬೇಡ.

ಹೆಸರು ಹೇಳಿ ಅಂದ್ರೆ, ಗೇಜ್‌ಟ್ರ್ಯಾಕ್ ಅಂತ ಅಮೆರಿಕದ್ದೊಂದು ಇದೆ, ನಿಮ್ಮಂಥ ಗೇಜುಗಳ ಅಂಗಡಿಗೇ ಮಾಡಿದ್ದು. ಬೀಮೆಕ್ಸ್‌ನವರ ಸಿಎಂಎಕ್ಸ್ ಒಳ್ಳೇದು, ಆದ್ರೆ ಅದು ಪ್ರೆಷರ್, ಟೆಂಪರೇಚರ್ ಟ್ರಾನ್ಸ್‌ಮಿಟರ್‌ಗಳೇ ತುಂಬಿರೋ ಔಷಧಿ, ಕೆಮಿಕಲ್ ಕಾರ್ಖಾನೆಗೆ. ಫ್ಲೂಕ್‌ನ ಮೆಟ್‌ಟೀಮ್ ತಾವೇ ಕ್ಯಾಲಿಬ್ರೇಟ್ ಮಾಡೋ ಲ್ಯಾಬಿಗೆ ಹೊಂದೋದು. ನೀವು ಹೊರಗಿನ ಲ್ಯಾಬಿಗೆ ಕಳ್ಸೋರು, ಅದೆಲ್ಲ ಭಾರ ಆಗ್ತದೆ. "ನಮ್ಮದು 21 ಸಿಎಫ್‌ಆರ್ ಪಾರ್ಟ್ 11ಕ್ಕೆ ಹೊಂದುತ್ತೆ" ಅಂತ ಯಾರಾದ್ರೂ ಅದನ್ನೇ ಹಿಡ್ಕೊಂಡು ಬೆಲೆ ಏರ್ಸಿದ್ರೆ ಮರುಳಾಗ್ಬೇಡ. ಅದು ಅಮೆರಿಕದ ಎಫ್‌ಡಿಎ ನಿಯಮ, ಔಷಧಿ ಮಾಡೋರ ತಲೆಬಿಸಿ. ಆದ್ರೆ ಯಾರು ಯಾವ ತಾರೀಖು ತಿದ್ದಿದ್ರು ಅನ್ನೋ ದಾಖಲೆ ನಿಂಗೂ ಬೇಕು, ಅದನ್ನ ಬಿಡ್ಬೇಡ.

ಕೊನೇಲಿ ಒಂದು ಕೆಟ್ಟ ಪ್ರಶ್ನೆ ಕೇಳ್ಲೇಬೇಕು. "ನಾವು ನಿಮ್ಮನ್ನ ಬಿಟ್ಟು ಹೋಗೋ ದಿನ ನಮ್ಮ ಡೇಟಾ ಯಾವ ರೂಪದಲ್ಲಿ ಕೊಡ್ತೀರಿ?" ಬರೀ ಪಿಡಿಎಫ್ ಕೊಡ್ತೀವಿ ಅಂದ್ರೆ ಮತ್ತೆ ಮುನ್ನೂರನ್ನೂ ಕೈಯಲ್ಲೇ ಟೈಪ್ ಮಾಡ್ಬೇಕಾಗ್ತದೆ.

ಮಂಡಿ ತಕ್ಕಡಿ:

ನಾನು ಅಡಿಕೆ ಮಂಡಿಯವನು, ಮೈಕ್ರಾನ್ ಲೆಕ್ಕ ನಂಗೆ ಅರ್ಥ ಆಗಲ್ಲ. ಆದ್ರೆ ತೂಕದ ಯಂತ್ರ ಗೊತ್ತು. ನಿಮ್ಮ ಡಿಸ್‌ಪ್ಯಾಚ್‌ನಲ್ಲೂ ಒಂದು ಇರ್ಬೇಕಲ್ಲ? ತೂಕದ ಮೇಲೆ ವ್ಯಾಪಾರ ನಡೆಯೋದಾದ್ರೆ ಅದಕ್ಕೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಬೇಕು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ, ಎಲೆಕ್ಟ್ರಾನಿಕ್ ಯಂತ್ರಕ್ಕೆ ವರ್ಷಕ್ಕೊಮ್ಮೆ. ಲ್ಯಾಬಿನ ಸರ್ಟಿಫಿಕೇಟ್ ಇದೆ ಅಂತ ಇನ್ಸ್‌ಪೆಕ್ಟರಿಗೆ ತೋರ್ಸಿದ್ರೆ ಅವರು ಕೇಳಲ್ಲ, ಮುದ್ರೆ ಇದೆ ಅಂತ ನಿಮ್ಮ ಆಡಿಟರಿಗೆ ತೋರ್ಸಿದ್ರೆ ಅವರೂ ಒಪ್ಪಲ್ಲ. ಒಂದೇ ಯಂತ್ರಕ್ಕೆ ಎರಡು ಡ್ಯೂ ಡೇಟ್ ಹಾಕೋಕೆ ಆ ಸಾಫ್ಟ್‌ವೇರಲ್ಲಿ ಬರ್ತದಾ ಕೇಳಿ.

ತೀರ್ಥಹಳ್ಳಿ ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್. ಮಂಡಿಯವರೇ, ತೂಕದ ಯಂತ್ರ ನಮ್ಮ ಲಿಸ್ಟಲ್ಲಿ ಇದೆ, ಮುದ್ರೆಯ ತಾರೀಖು ಮಾತ್ರ ಎಲ್ಲೂ ಇಲ್ಲ. ಇವತ್ತೇ ಸೇರಿಸ್ತೀನಿ. ಇನ್‌ಸ್ಪೆಕ್ಷನ್ ರಿಪೋರ್ಟಲ್ಲಿ ಗೇಜ್ ನಂಬರ್ ಕಾಲಂ ಇದೆ ಸರ್, ಆದ್ರೆ ಹುಡುಗ್ರು "ವರ್ನಿಯರ್" ಅಂತ ಬರೆದು ಬಿಡ್ತಾರೆ!

ಇನ್ನೊಂದು ಅನುಮಾನ. ನಮ್ಮಲ್ಲಿ ಎಲ್ಲದಕ್ಕೂ ಒಂದು ವರ್ಷ. ದಿನಾ ಮೂರು ಶಿಫ್ಟ್ ಓಡೋ ಪ್ಲಗ್ ಗೇಜಿಗೂ ಒಂದು ವರ್ಷ, ಬೀರುವಿನಲ್ಲಿ ಎಣ್ಣೆ ಹಚ್ಚಿ ಇಟ್ಟಿರೋದಕ್ಕೂ ಒಂದು ವರ್ಷ. ಇದನ್ನ ಬದಲಾಯಿಸಿದ್ರೆ ಆಡಿಟ್‌ನಲ್ಲಿ ತೊಂದ್ರೆ ಆಗುತ್ತಾ? ಸರ್ಟಿಫಿಕೇಟಲ್ಲೇ ಮುಂದಿನ ತಾರೀಖು ಪ್ರಿಂಟ್ ಆಗಿ ಬರುತ್ತಲ್ಲ.

ಗೇಜ್ ರೂಮ್ ಹಳಬ:

ಒಂದು ವರ್ಷ ಅಂತ ಐಎಸ್‌ಒ 9001ರಲ್ಲಿ ಎಲ್ಲೂ ಬರೆದಿಲ್ಲ. ನಿಗದಿ ಮಾಡಿದ ಅವಧಿಗೆ ಅಂತ ಮಾತ್ರ ಇದೆ, ನಿಗದಿ ಮಾಡೋರು ನೀವೇ. ಸರ್ಟಿಫಿಕೇಟಲ್ಲಿ ಮುಂದಿನ ತಾರೀಖು ಹಾಕೋದಂತೂ ಲ್ಯಾಬಿನ ಕೆಲಸವೇ ಅಲ್ಲ. ಲ್ಯಾಬುಗಳ ಮಾನದಂಡ ಐಎಸ್‌ಒ/ಐಇಸಿ 17025:2017 ಏನು ಹೇಳ್ತದೆ ಅಂದ್ರೆ, ಗ್ರಾಹಕ ಒಪ್ಪಿದ್ರೆ ಹೊರತು ಅವಧಿಯ ಶಿಫಾರಸು ಸರ್ಟಿಫಿಕೇಟಲ್ಲಿ ಇರಬಾರದು. ನಿಮ್ಮ ಕಡೆಯಿಂದ ಯಾರೋ ಫಾರಂನಲ್ಲಿ ಒಂದು ವರ್ಷ ಅಂತ ಬರೆದು ಕೊಟ್ಟಿರ್ತಾರೆ, ಅದೇ ವಾಪಸ್ ಪ್ರಿಂಟಾಗಿ ಬರ್ತಿದೆ.

ಲ್ಯಾಬ್ ಮಾನ್ಯತೆಯ ಅಂತರರಾಷ್ಟ್ರೀಯ ಒಕ್ಕೂಟ ಐಲ್ಯಾಕ್ ತಂದ ಜಿ24 ಅಂತ ಒಂದು ಮಾರ್ಗಸೂಚಿ ಇದೆ, ಅವಧಿ ಹೇಗೆ ಹೊಂದಿಸೋದು ಅನ್ನೋದಕ್ಕೇ ಬರೆದಿದ್ದು. ಅದರಲ್ಲಿ ಮೆಟ್ಟಿಲ ಪದ್ಧತಿ ಅಂತ ಬರ್ತದೆ. ವಾಪಸ್ ಬಂದಾಗ ರೀಡಿಂಗ್ ಮಿತಿಯೊಳಗೆ ಚೆನ್ನಾಗಿದ್ರೆ ಅವಧಿ ಒಂದಿಷ್ಟು ಏರ್ಸು, ಹೊರಗೆ ಹೋಗಿದ್ರೆ ಇಳ್ಸು. ಇದನ್ನ ಮಾಡೋಕೆ ಹಳೇ ರೀಡಿಂಗ್ ಬೇಕು. ಪ್ರತಿ ಪಾಯಿಂಟೂ ಉಳೀಬೇಕು ಅಂತ ಮೇಲೆ ಹೇಳಿದ್ದು ಇದಕ್ಕೂ ಸೇರಿಸಿಯೇ. ಏರ್ಸಿದ್ದಕ್ಕೆ ಕಾರಣ ಬರೆದಿಟ್ರೆ ಆಡಿಟಲ್ಲಿ ಏನೂ ಆಗಲ್ಲ. ಕಾರಣ ಇಲ್ದೆ ಖರ್ಚು ಉಳಿಸೋಕೆ ಎಲ್ಲ ಎರಡು ವರ್ಷ ಮಾಡಿದ್ರೆ ಹಿಡೀತಾರೆ, ಹಿಡೀಲೂಬೇಕು. ಓಡೋ ಪ್ಲಗ್ ಗೇಜುಗಳಿಗೆ ವರ್ಷ ಜಾಸ್ತಿಯೇ ಆಯ್ತು, ನಡುವೆ ಒಂದು ಚೆಕ್ ಇಟ್ಕೋ.

ಬೀರುವಿನಲ್ಲಿ ಇರೋದಕ್ಕೆ ಸಾಫ್ಟ್‌ವೇರಲ್ಲಿ "ಬಳಕೆಯಲ್ಲಿಲ್ಲ" ಅಂತ ಒಂದು ಸ್ಥಿತಿ ಇರ್ಬೇಕು. ಹೊರಗೆ ತೆಗೆದು ಕೊಡೋ ಮುಂಚೆ ಕ್ಯಾಲಿಬ್ರೇಷನ್ ಆಗ್ಬೇಕು ಅಂತ ಅದು ತಡೀಬೇಕು. ಎಣ್ಣೆ ಹಚ್ಚಿ ಇಟ್ಟಿದ್ದೀವಲ್ಲ ಅಂತ ಸುಮ್ನಿರ್ಬೇಡ, ನಮ್ಮ ಕಡೆ ಆಷಾಢ ಶ್ರಾವಣದ ಥಂಡಿಗೆ ಬೀರು ಒಳಗಿರೋ ಸ್ಲಿಪ್ ಗೇಜಿಗೂ (ಅಳತೆಗೆ ಆಧಾರವಾಗಿ ಇಡೋ ಉಕ್ಕಿನ ತುಂಡು) ತುಕ್ಕು ಚುಕ್ಕೆ ಬರ್ತದೆ. ಮಳೆ ಶುರುವಾದ ಮೇಲೆ ತಿಂಗಳಿಗೊಮ್ಮೆ ತೆಗೆದು ಒರೆಸಿ ನೋಡೋ ಕೆಲಸವನ್ನೂ ರಿಮೈಂಡರ್‌ಗೆ ಹಾಕು. ಒರೆಸಿದ ಕೂಡ್ಲೆ ಅಳೀಬೇಡ, ಕೈ ಬಿಸಿ ಆರ್ಲಿ. ಉದ್ದದ ಅಳತೆಗೆಲ್ಲ ಆಧಾರ 20 ಡಿಗ್ರಿ ಸೆಲ್ಸಿಯಸ್.

ಸಾಗರದ ಕೋಡು:

ಮೇಡಂ, "ವರ್ನಿಯರ್" ಅಂತ ಬರೆಯೋದಕ್ಕೆ ಔಷಧಿ ಇದೆ. ರಿಪೋರ್ಟ್ ಎಕ್ಸೆಲ್‌ನಲ್ಲಿ ತುಂಬೋದಾದ್ರೆ ಆ ಕಾಲಂಗೆ ಡ್ರಾಪ್‌ಡೌನ್ ಇಟ್ಟು, ಆ ಮಷಿನ್ನಿಗೆ ಇಶ್ಯೂ ಆದ ನಂಬರುಗಳು ಮಾತ್ರ ಬರೋ ಹಾಗೆ ಮಾಡಬಹುದು. ಕಾಗದದಲ್ಲಾದ್ರೆ ಸೂಪರ್‌ವೈಸರ್ ಸಹಿ ಹಾಕೋ ಮುಂಚೆ ನೋಡ್ಬೇಕು, ಬೇರೆ ದಾರಿ ಇಲ್ಲ.

ತೀರ್ಥಹಳ್ಳಿ ಹುಡುಗಿ:

ಕಾಗದದಲ್ಲೇ. ಸೂಪರ್‌ವೈಸರ್ ಜೊತೆ ಮಾತಾಡ್ತೀನಿ. ಕ್ಲೌಡ್‌ನವರು ಹಳೇ ಸರ್ಟಿಫಿಕೇಟ್ ಎಲ್ಲಾ ಸ್ಕ್ಯಾನ್ ಮಾಡಿ ಹಾಕೋಕೆ ಬೇರೆ ರೇಟ್ ಹೇಳಿದ್ದಾರೆ. ಫೈಲುಗಳು ಒಂದು ಬೀರು ತುಂಬಾ ಇವೆ. ಅಷ್ಟೂ ಹಾಕಿಸ್ಲಾ?

ಗೇಜ್ ರೂಮ್ ಹಳಬ:

ಬೇಡ. ಪ್ರತಿ ಗೇಜಿನ ಕೊನೇ ಎರಡು ಸರ್ಟಿಫಿಕೇಟ್ ಹಾಕ್ಸು, ರೀಡಿಂಗ್ ಸಮೇತ. ಫೇಲ್ ಆದದ್ದು ಎಷ್ಟು ಹಳೇದಾದ್ರೂ ಹಾಕ್ಸು. ಉಳಿದದ್ದು ಬೀರುವಿನಲ್ಲೇ ಇರ್ಲಿ, ಗೇಜ್ ನಂಬರ್ ಪ್ರಕಾರ ಜೋಡಿಸಿ ಇಟ್ರೆ ಸಾಕು. ಎಷ್ಟು ವರ್ಷ ಇಟ್ಕೋಬೇಕು ಅಂತ ನಿಮ್ಮ ಗ್ರಾಹಕರ ಕೈಪಿಡಿಯಲ್ಲಿ ಇರ್ತದೆ, ಅದನ್ನ ನೋಡದೆ ಒಂದು ಹಾಳೆಯೂ ಗುಜರಿಗೆ ಹಾಕ್ಬೇಡ.