ಅಪ್‌ಡೇಟ್: ಮಗಳ ಆಲ್ಬುಮಿನ್ ಮತ್ತು ಮೂಳೆ ಸ್ಕ್ಯಾನ್

ಎರಡು ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ. 14 ವರ್ಷದ ಮಗಳ ರಕ್ತದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ 3.2, ಕ್ಯಾಲ್ಸಿಯಂ 8.2. ಮೂಳೆ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ ಮೈನಸ್ 2.6, ಮೂಳೆ ಸವೆತ ಅಂತ ಬರೆದಿದ್ದರು. ಆಗ ಧೈರ್ಯ ಹೇಳಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಮಕ್ಕಳ ಹಾರ್ಮೋನ್ ಡಾಕ್ಟರ್ ಹತ್ತಿರ ಹೋಗಿದ್ದೆವು. ಅವರು ಮೊದಲು ಆ ಟಿ-ಸ್ಕೋರ್ ಮೇಲೆ ಪೆನ್ನಿನಿಂದ ಅಡ್ಡಗೆರೆ ಎಳೆದರು. ಅದು ಪೂರ್ತಿ ಬೆಳೆದವರ ಮೂಳೆಗೆ ಹೋಲಿಸುವ ಲೆಕ್ಕ. ಇವಳ ಮೂಳೆ ಇನ್ನೂ ಬಲಿಯುತ್ತಿದೆ, ಕಡಿಮೆ ಬರದೆ ಇರುತ್ತದೆಯೇ? ಈ ವಯಸ್ಸಿಗೆ ನೋಡಬೇಕಾದ್ದು ಝಡ್-ಸ್ಕೋರ್, ಅಂದರೆ ಅದೇ ವಯಸ್ಸಿನವರ ಮೂಳೆಗೆ ಹೋಲಿಸುವ ಲೆಕ್ಕ. ಇವಳದು ಮೈನಸ್ 1.1. ಮೈನಸ್ 2 ಅಥವಾ ಅದಕ್ಕಿಂತ ಕೆಳಗೆ ಹೋದರೆ ಮಾತ್ರ ವಯಸ್ಸಿಗೆ ಕಡಿಮೆ ಅನ್ನುತ್ತಾರಂತೆ. ಕೇಳಿ ಅಲ್ಲೇ ಕಣ್ಣು ತುಂಬಿ ಬಂತು.

ರಕ್ತದ ಕ್ಯಾಲ್ಸಿಯಂನಲ್ಲಿ ಸುಮಾರು ಶೇ. 40 ಆಲ್ಬುಮಿನ್‌ಗೆ ಅಂಟಿಕೊಂಡಿರುತ್ತದೆ. ಆಲ್ಬುಮಿನ್ ಇಳಿದರೆ ಇದೂ ಇಳಿದ ಹಾಗೆ ಕಾಣುತ್ತದೆ. ಅದಕ್ಕೆ ತಕ್ಕಂತೆ ಸರಿಪಡಿಸಿದರೆ ಇವಳ ಕ್ಯಾಲ್ಸಿಯಂ 8.8, ಅಷ್ಟು ಸಾಕು. ಟೆಸ್ಟಿಗೆ ಮುಂಚೆ ಇವಳಿಗೆ ವಾರಪೂರ್ತಿ ಜ್ವರ ಇತ್ತು, ಆಲ್ಬುಮಿನ್ ಇಳಿದದ್ದು ಅದಕ್ಕೇ ಇರಬೇಕು ಅಂದರು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿಲ್ಲ. ಮೊನ್ನೆ ಆಲ್ಬುಮಿನ್ 3.9 ಬಂತು.

ನಿಜವಾಗಿ ಕಡಿಮೆ ಇದ್ದದ್ದು ವಿಟಮಿನ್ ಡಿ, ಬರೀ 11. ಅದಕ್ಕೆ ಔಷಧಿ ನಡೆಯುತ್ತಿದೆ. ಜೊತೆಗೆ ರಾಗಿ, ಮೊಸರು, ಸಂಜೆ ಸ್ಕಿಪ್ಪಿಂಗ್. ನಿನ್ನೆ ಟೆರೇಸಿನಲ್ಲಿ ನಿಲ್ಲದೆ ನೂರು ಸಲ ಹಾರಿದಳು.