ಕಂಪ್ಯೂಟರ್ ಟೆಸ್ಟ್‌ನಲ್ಲಿ ತಪ್ಪು ಜಾಸ್ತಿ ಬಂದರೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆ-ಆತುರದ ತೊಂದರೆ) ಅಂತಲೇನಾ?

ಪ್ರಶ್ನೆ: ಮೇಡಂ, ಮಗನಿಗೆ 8 ವರ್ಷ. ಗಮನದ ಟೆಸ್ಟ್ ಅಂತ ಕಂಪ್ಯೂಟರ್ ಮುಂದೆ ಕೂರಿಸಿದ್ದರು. ಒಂದಾದ ಮೇಲೊಂದು ಅಕ್ಷರ ಬರುತ್ತೆ, ಎಕ್ಸ್ ಬಿಟ್ಟು ಉಳಿದ ಎಲ್ಲದಕ್ಕೂ ಬಟನ್ ಒತ್ತಬೇಕು. ತುಂಬಾ ತಪ್ಪು ಮಾಡಿದ್ದಾನಂತೆ. ಆದರೆ ಗೇಮ್ ಕೊಟ್ಟರೆ ಗಂಟೆಗಟ್ಟಲೆ ಅಲ್ಲಾಡದೆ ಕೂರುತ್ತಾನೆ. ಟೆಸ್ಟೇ ಸರಿ ಇಲ್ಲ, ಅಲ್ವಾ?

ಉತ್ತರ: ಟೆಸ್ಟ್ ಬೇಜಾರು ಹಿಡಿಸುವ ಹಾಗೇ ಮಾಡಿರುತ್ತಾರೆ. ಗೇಮ್‌ನಲ್ಲಿ ಕ್ಷಣಕ್ಷಣಕ್ಕೂ ಪಾಯಿಂಟ್, ಸದ್ದು, ಬಣ್ಣ. ಇಲ್ಲಿ ಏನೂ ಇಲ್ಲ, ಆದರೂ ಗಮನ ಎಷ್ಟು ಹೊತ್ತು ನಿಲ್ಲುತ್ತೆ ಅಂತ ನೋಡುವುದೇ ಉದ್ದೇಶ. ಈ ಬಗೆಯ ಟೆಸ್ಟ್ 1956ರಿಂದಲೂ ಇದೆ, ಹೊಸದೇನಲ್ಲ.

ರಿಪೋರ್ಟ್‌ನಲ್ಲಿ ಒಟ್ಟು ತಪ್ಪಿನ ಲೆಕ್ಕ ಬಿಡಿ, ಯಾವ ತಪ್ಪು ಅಂತ ನೋಡಿ. ಒತ್ತಬೇಕಾದಾಗ ಒತ್ತದೇ ಬಿಟ್ಟರೆ ಗಮನ ಜಾರಿರಬಹುದು, ಎಕ್ಸ್ ಬಂದಾಗಲೂ ಒತ್ತಿಬಿಟ್ಟರೆ ಆತುರ ಇರಬಹುದು. ನಾನು ಮೊದಲು ನೋಡುವುದು ಇನ್ನೊಂದನ್ನ: ಪ್ರತಿ ಸಲ ಒತ್ತಲು ತಗೊಂಡ ಸಮಯ ಒಂದೇ ಥರ ಇದೆಯಾ, ಅಥವಾ ಒಮ್ಮೆ ಬೇಗ ಒಮ್ಮೆ ತೀರಾ ತಡವಾ? ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಈ ಏರುಪೇರು ಜಾಸ್ತಿ ಕಾಣುತ್ತೆ. ಆದರೆ ನಿದ್ದೆಗೆಟ್ಟ ಮಗು, ಹೆದರಿದ ಮಗು, ಕಣ್ಣು ಸರಿಯಾಗಿ ಕಾಣದ ಮಗು ಕೂಡ ಹೀಗೇ ಮಾಡಬಹುದು. ಎಡಿಎಚ್‌ಡಿ ಇದ್ದೂ ಚೆನ್ನಾಗಿ ಮಾಡುವ ಮಕ್ಕಳೂ ಇದ್ದಾರೆ. ಹೊಸ ರೂಮು, ಪಕ್ಕದಲ್ಲೇ ದೊಡ್ಡವರು ಕೂತಿದ್ದಾರೆ, ಅಷ್ಟು ಹೊತ್ತು ಹೇಗೋ ಹಿಡಿದಿಟ್ಟುಕೊಳ್ಳುತ್ತಾರೆ.

ಹಾಗಾಗಿ ಸ್ಕೋರ್ ಒಂದನ್ನೇ ನೋಡಿ ಎಡಿಎಚ್‌ಡಿ ಇದೆ ಅನ್ನೋದೂ ತಪ್ಪು, ಇಲ್ಲ ಅನ್ನೋದೂ ತಪ್ಪು. ತೊಂದರೆ 12 ವರ್ಷದೊಳಗೆ ಶುರುವಾಗಿರಬೇಕು, ಕನಿಷ್ಠ 6 ತಿಂಗಳಿಂದ ಇರಬೇಕು, ಮನೆ ಮತ್ತು ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು. ಟೀಚರ್ ಏನು ಹೇಳ್ತಾರೆ? ಅದನ್ನ ಯಾರಾದರೂ ಕೇಳಿದ್ದಾರಾ?

ಪ್ರಶ್ನೆ: ಇಲ್ಲ ಮೇಡಂ, ಕೇಳಿಲ್ಲ. ಮತ್ತೆ ಟೆಸ್ಟ್ ಮಾಡಿಸೋದಾದ್ರೆ ಅಲ್ಲಿವರೆಗೆ ಮೆಮೊರಿ ಆ್ಯಪ್‌ನಲ್ಲಿ ಪ್ರಾಕ್ಟೀಸ್ ಮಾಡಿಸಲಾ?

ಉತ್ತರ: ದಯವಿಟ್ಟು ಬೇಡ. ಸುಮ್ನೆ ಆಡಿದರೆ ಆಡಲಿ, ಟೆಸ್ಟ್‌ಗೆ ತಯಾರಿ ಅಂತ ಬೇಡ. ಆ್ಯಪ್‌ನಲ್ಲಿ ಆಡಿದರೆ ಮುಖ್ಯವಾಗಿ ಆ ಆಟದಲ್ಲೇ ಚುರುಕಾಗುತ್ತಾನೆ, ಪಾಠದಲ್ಲಿ ಗಮನ ಜಾಸ್ತಿಯಾಗುತ್ತೆ ಅಂತ ನಂಬಬೇಡಿ. ಟೆಸ್ಟ್‌ನಂಥದ್ದೇ ಆಟವಾದರೆ ಸ್ಕೋರ್ ಏರಬಹುದು, ಆದರೆ ಅದು ಅಭ್ಯಾಸದ ಸ್ಕೋರ್. ಅದನ್ನ ಅಭ್ಯಾಸವಿಲ್ಲದ ಅದೇ ವಯಸ್ಸಿನ ಮಕ್ಕಳ ಜೊತೆ ಹೋಲಿಸಿದರೆ ಏನು ಪ್ರಯೋಜನ? ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ, ಟೀಚರ್ ಹತ್ತಿರ ಒಂದು ಪುಟ ಬರೆಸಿಕೊಳ್ಳಿ. ಅದನ್ನೂ ರಿಪೋರ್ಟನ್ನೂ ಹಿಡಿದು ಮಕ್ಕಳ ಮನೋವೈದ್ಯರ ಹತ್ತಿರ ಹೋಗಿ. ಟೆಸ್ಟ್ ಮತ್ತೆ ಬೇಕಾ ಅಂತ ಅವರೇ ಹೇಳಲಿ.